ಮುಂಭಾಗ ಸಮತೋಲನ ಅಧಿಕಾರಿ

ದೋಣಿಗೆ ಮೋಟರನ್ನು ಆರಿಸಿದವರು, ಆ ಮೋಟರು ಮೊದಲ ಸಲ ನೀರಿಗಿಳಿಯುವಾಗ ಅದೇ ದೋಣಿಯಲ್ಲಿ ಕೂತಿರತಕ್ಕದ್ದು. ಜಲರಕ್ಷಣಾ ಕಚೇರಿಯ ನಿಯಮಾವಳಿಯಲ್ಲಿ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಸ್ಪಷ್ಟವಾದ ನಿಯಮ ಇನ್ನೊಂದಿಲ್ಲ. ಕಚೇರಿ ಸ್ಥಾಪನೆಯಾದಂದಿನಿಂದ ಈ ನಿಯಮವನ್ನು ಯಾರೂ ಮುರಿದಿರಲಿಲ್ಲ. ಮೋಟರನ್ನೂ ಯಾರೂ ಕೊಂಡಿರಲಿಲ್ಲ.

ಜಲಾಶಯದ ದಡದಲ್ಲಿದ್ದ ಆ ಕಚೇರಿಗೆ ಸೇರಿದ್ದು ಒಂದೇ ದೋಣಿ. ಗಾಳಿ ತುಂಬಿಸುವ ರಬ್ಬರಿನದು. ಮೂವರು ಒತ್ತಿಕೊಂಡು ಕೂರಬಹುದು, ನಾಲ್ಕನೆಯವರು ಬಂದರೆ ಯಾರಾದರೂ ಮುನಿಸಿಕೊಳ್ಳಬೇಕು. ಹಿಂದಿನ ಮಳೆಗಾಲದಲ್ಲಿ ನೀರಿಗೆ ಬಿದ್ದ ನಾಗರಿಕರೊಬ್ಬರನ್ನು ರಕ್ಷಿಸಲು ಹುಟ್ಟು ಹಾಕುತ್ತ ಹೊರಟ ದೋಣಿ ಅರ್ಧ ದಾರಿ ತಲುಪುವಷ್ಟರಲ್ಲಿ, ಸದರಿ ನಾಗರಿಕರು ತಾವೇ ಈಜಿ ದಡ ಸೇರಿ, ಒದ್ದೆ ಬಟ್ಟೆಯಲ್ಲೇ ಕಚೇರಿಗೆ ಬಂದು, ದೋಣಿ ತಡವಾಯಿತೆಂದು ದೂರು ಕೊಟ್ಟು ಹೋಗಿದ್ದರು. ದೂರನ್ನು ಗಂಭೀರವಾಗಿ ಪರಿಗಣಿಸಲಾಯಿತು. ದೋಣಿಯ ಹಿಂಬದಿಗೆ ಸಿಕ್ಕಿಸುವ, ಕೈಹಿಡಿಯಿಂದ ತಿರುಗಿಸುವ ಸಣ್ಣ ಮೋಟರೊಂದನ್ನು ಕೊಳ್ಳಲು ಮಂಜೂರಾತಿ ಬಂತು.

ಆಯ್ಕೆ ಸಮಿತಿಯಲ್ಲಿ ನಿರ್ದೇಶಕರು, ಕಾನೂನು ಸಲಹೆಗಾರ್ತಿ, ದೋಣಿ ನಡೆಸುವವನು ಮತ್ತು ಒಬ್ಬ ಗುಮಾಸ್ತರು ಇದ್ದರು. ಗುಮಾಸ್ತರನ್ನು ಇಡೀ ಕಚೇರಿ ಬಂಡೆ ಎನ್ನುತ್ತಿತ್ತು. ಕಿರಿಯರು ಮರ್ಯಾದೆಗೆ ಬಂಡೆಯಣ್ಣ ಎನ್ನುತ್ತಿದ್ದರು. ಅವರು ಕೂತರೆ ಕುರ್ಚಿ ಮಾತಾಡುತ್ತಿತ್ತು. ಸಮಿತಿಯಲ್ಲಿ ಅವರ ಕೆಲಸ ಕೋರಂ ತುಂಬಿಸುವುದು. ಆ ಕೆಲಸವನ್ನು ಅವರಷ್ಟು ಚೆನ್ನಾಗಿ ಇನ್ನಾರೂ ಮಾಡುವಂತಿರಲಿಲ್ಲ.

ಸಮಿತಿ ದೋಣಿಯನ್ನು ನೋಡಲಿಲ್ಲ. ಮಳೆಗಾಲ ಮುಗಿದ ಮೇಲೆ ದೋಣಿಯ ಗಾಳಿ ತೆಗೆದು, ಮಡಚಿ, ಚೀಲಕ್ಕೆ ತುಂಬಿ, ಚೀಲಕ್ಕೆ ಅರಗಿನ ಮುದ್ರೆ ಒತ್ತುವುದು ಆ ಕಚೇರಿಯ ಪದ್ಧತಿ. ಮುದ್ರೆ ಒಡೆಯಬೇಕಾದರೆ ಯಾರಾದರೂ ಮುಳುಗುತ್ತಿರಬೇಕು. ಆ ದಿನಗಳಲ್ಲಿ ಯಾರೂ ಮುಳುಗುತ್ತಿರಲಿಲ್ಲ.

“ದೋಣಿ ಹಿಂದೆ ಒಂದು ತಗಡು ಹೊಡೆದಿದಾರೆ ಸಾರ್. ಅದರ ಮೇಲೆ ಆರು ಅಶ್ವಶಕ್ತಿ ಅಂತ ಏನೋ ಇತ್ತು” ಎಂದ ದೋಣಿಯವನು.

“ಆರಕ್ಕಿಂತ ಕಮ್ಮಿ ಇರಬಾರದು ಅಂತಿರುತ್ತೆ” ಎಂದರು ನಿರ್ದೇಶಕರು.

“ಇರಬಹುದು ಸಾರ್. ನನ್ನ ಕೇಳಿದ್ರೆ ದೊಡ್ಡದೇ ಇರಲಿ. ಸೌಂಡ್ ಕೇಳಿದ್ರೆ ಮುಳುಗ್ತಿರೋರಿಗೂ ಒಂದು ಧೈರ್ಯ ಬರುತ್ತೆ.”

ನಿರ್ದೇಶಕರ ಭಾವಮೈದುನರ ಗೋದಾಮಿನಲ್ಲಿ ನಲವತ್ತು ಅಶ್ವಶಕ್ತಿಯ ಮೋಟರೊಂದಿತ್ತು. ಮುಚ್ಚಿಹೋದ ಮೀನುಗಾರಿಕೆ ಕಂಪನಿಯೊಂದರಿಂದ ಬಂದದ್ದು. ಮೇಲೆ ಟಾರ್ಪಾಲಿನ್ ಹೊದಿಸಿದ್ದರು, ಟಾರ್ಪಾಲಿನ್ ಮೇಲೆ ಬೆಕ್ಕು ಮರಿ ಹಾಕಿತ್ತು. ಪಾರದರ್ಶಕತೆಯ ದೃಷ್ಟಿಯಿಂದ ನಿರ್ದೇಶಕರು ಈ ಸಂಬಂಧವನ್ನು ಸಮಿತಿಯ ಮುಂದೆ ಬಹಿರಂಗಪಡಿಸಿದರು. ಬಹಿರಂಗಪಡಿಸಿದ ಮೇಲೆ ಅದು ಸ್ವಹಿತಾಸಕ್ತಿಯಲ್ಲ, ಕೇವಲ ಮಾಹಿತಿ ಎಂದು ಕಾನೂನು ಸಲಹೆಗಾರ್ತಿ ಸ್ಪಷ್ಟಪಡಿಸಿದರು. ಸಮಿತಿ ಮಾಹಿತಿಗಾಗಿ ಧನ್ಯವಾದ ಹೇಳಿತು.

ಮೋಟರನ್ನು ನಾಲ್ಕು ಜನ ಹೊತ್ತು ತಂದು, ಸಭಾಕೊಠಡಿಯ ಉದ್ದನೆಯ ಮೇಜಿನ ತುದಿಗೆ ಸಿಕ್ಕಿಸಿ, ಎರಡು ತಿರುಪು ಬಿಗಿದರು. ಅದರ ದಂಡ ನೆಲ ಮುಟ್ಟುತ್ತಿದ್ದುದರಿಂದ ಮೇಜಿನ ಕಾಲುಗಳಿಗೆ ಇಟ್ಟಿಗೆ ಕೊಡಲಾಯಿತು. ಸದಸ್ಯರು ಸರದಿಯಂತೆ ಮೇಜು ಹತ್ತಿ ಕೂತು ಕೈಹಿಡಿಯನ್ನು ಹಿಡಿದು ನೋಡಿದರು. ಬಂಡೆ ಹತ್ತಿದಾಗ ಉಳಿದವರು ಇಳಿದು ದೂರ ನಿಂತರು.

ಕೈಹಿಡಿಯ ವಿಷಯದಲ್ಲಿ ಒಂದು ಆಕ್ಷೇಪಣೆ ಬಂತು.

“ಇದನ್ನ ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ ಹೋಗುತ್ತೆ ಸಾರ್” ಎಂದು ದೋಣಿಯವನು ವಿವರಿಸಿದ. “ಬಲಕ್ಕೆ ತಳ್ಳಿದ್ರೆ ಎಡಕ್ಕೆ.”

“ಅಂದ್ರೆ ಹೇಳಿದ್ದಕ್ಕೆ ಉಲ್ಟಾ ಮಾಡುತ್ತೆ ಅನ್ನಿ” ಎಂದರು ನಿರ್ದೇಶಕರು.

“ಎಲ್ಲಾ ಕೈಹಿಡಿ ಮೋಟರೂ ಹಂಗೇ ಸಾರ್.”

“ಎಲ್ಲರೂ ಮಾಡ್ತಾರೆ ಅಂದ ಮಾತ್ರಕ್ಕೆ ಅಶಿಸ್ತು ಶಿಸ್ತಾಗುತ್ತೇನ್ರೀ?”

ಸಮಿತಿ ಯೋಚಿಸಿತು. ಕೊನೆಗೆ, ಬಲಕ್ಕೆ ಹೋಗಬೇಕಾದ ಸಂದರ್ಭದಲ್ಲಿ ಎಡಕ್ಕೆ ಹೋಗುವಂತೆ ಲಿಖಿತ ಆದೇಶ ನೀಡತಕ್ಕದ್ದು ಎಂದು ನಿರ್ಣಯವಾಯಿತು. ಇದರಿಂದ ಮೋಟರು ಅವಿಧೇಯತೆಯ ಆರೋಪದಿಂದ ಮುಕ್ತವಾಯಿತು.

ಉಳಿದದ್ದು ಆ ಚಿಕ್ಕ ನಿಯಮ. ಆರಿಸಿದವರು ದೋಣಿಯಲ್ಲಿ ಕೂತಿರತಕ್ಕದ್ದು. ನಿರ್ದೇಶಕರಿಗೆ ನೀರೆಂದರೆ ತಲೆ ಸುತ್ತು. ಸಲಹೆಗಾರ್ತಿಗೆ ನೀರೆಂದರೆ ಏನೂ ಆಗುತ್ತಿರಲಿಲ್ಲ, ಆದರೆ ಅವರು ಮೋಟರನ್ನು ನೋಡಿದ್ದರು. ಅವರೇ ಮಾರ್ಗ ತೋರಿಸಿದರು: “ನಿಯಮದಲ್ಲಿ ದೋಣಿ ಅಂದ್ರೆ ಏನು ಅಂತ ಎಲ್ಲೂ ವ್ಯಾಖ್ಯಾನ ಇಲ್ಲ. ಮೋಟರು ಯಾವುದಕ್ಕೆ ಸಿಕ್ಕಿಸಿದೆಯೋ ಅದು ದೋಣಿ. ಇದೀಗ ಅದು ಮೇಜಿಗೆ ಸಿಕ್ಕಿಸಿದೆ. ನಾವೆಲ್ಲ ಮೇಜಲ್ಲಿ ಕೂತಿದ್ವಿ.”

“ನೀರು?” ಎಂದು ಬಂಡೆ ಕೇಳಿದರು. ಸಮಿತಿಯಲ್ಲಿ ಅವರು ಆಡಿದ ಮೊದಲ ಮಾತು ಅದು.

ಸಲಹೆಗಾರ್ತಿ ಮೇಜಿನ ಮೇಲಿದ್ದ ಕುಡಿಯುವ ನೀರಿನ ಲೋಟದಲ್ಲಿ ಬೆರಳದ್ದಿ ಮೋಟರಿನ ರೆಕ್ಕೆಗೆ ಚಿಮುಕಿಸಿದರು. ಎಲ್ಲರೂ ಸಹಿ ಹಾಕಿದರು. ಬಂಡೆಯೂ ಹಾಕಿದರು.

ಮೋಟರು ಬಂದ ಮೇಲೆ ದೋಣಿಯ ಮುದ್ರೆ ಒಡೆಯಲೇಬೇಕಾಯಿತು. ಗಾಳಿ ತುಂಬಿಸಿ, ಮೋಟರು ಸಿಕ್ಕಿಸಿ, ನೀರಿಗೆ ಬಿಟ್ಟರೆ ದೋಣಿಯ ಹಿಂಬದಿ ಕುಸಿದು ಮೂತಿ ಆಕಾಶ ನೋಡಿತು. ದೋಣಿಯವನು ಹತ್ತಿ ಕೂತದ್ದೇ ತಡ, ಜಾರುಬಂಡೆಯಿಂದ ಇಳಿದವನಂತೆ ಮೋಟರಿಗೆ ಬೆನ್ನು ಕೊಟ್ಟು ಮಲಗಿದ. ಹಿಂಬದಿಯ ತಗಡನ್ನು ಆಗ ಎಲ್ಲರೂ ಓದಿದರು. ಅದರಲ್ಲಿ ಆರು ಅಶ್ವಶಕ್ತಿ ಮೀರಕೂಡದು ಎಂದಿತ್ತು. ತಗಡನ್ನು ತೆಗೆಸಲಾಯಿತು.

ಮುಂಭಾಗಕ್ಕೆ ಭಾರ ಹಾಕಿದರೆ ದೋಣಿ ಸಮವಾಗುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಮರಳಿನ ಮೂಟೆ ಇಡಬಹುದಿತ್ತು; ಆದರೆ ಮರಳು ಕಟ್ಟಡ ವಿಭಾಗದ ಬಾಬತ್ತು. ಹೊಸದಾಗಿ ಮಂಜೂರಾತಿ ಬೇಡದ, ಈಗಾಗಲೇ ಕಚೇರಿಯ ಸುಪರ್ದಿನಲ್ಲಿರುವ ಭಾರ ಯಾವುದಿದೆ ಎಂದು ನಿರ್ದೇಶಕರು ಕೇಳಿದರು. ಎಲ್ಲರೂ ಒಂದೇ ಕಡೆ ನೋಡಿದರು.

ಮಾರನೆಯ ದಿನ ಬಂಡೆಯನ್ನು ಮುಂಭಾಗ ಸಮತೋಲನ ಅಧಿಕಾರಿಯಾಗಿ ನೇಮಿಸಿದ ಆದೇಶ ಹೊರಬಿತ್ತು. ಸದರಿ ಅಧಿಕಾರಿಯು ಕರ್ತವ್ಯದ ವೇಳೆಯಲ್ಲಿ ದೋಣಿಯ ಮುಂಭಾಗದಲ್ಲಿ ಅಲುಗಾಡದೆ ಕೂರತಕ್ಕದ್ದು. ತೂಕ ಇಳಿಸಿಕೊಂಡಲ್ಲಿ ಅದನ್ನು ಸರ್ಕಾರಿ ಸ್ವತ್ತಿನ ನಷ್ಟವೆಂದು ಪರಿಗಣಿಸಲಾಗುವುದು. ಆದ್ದರಿಂದ ಅವರು ಮೆಟ್ಟಿಲು ಹತ್ತಿಳಿಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಗುಮಾಸ್ತರ ಕೊಠಡಿ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಅವರ ಮೇಜನ್ನು ಕೆಳಗೆ ಸೈಕಲ್ ಸ್ಟ್ಯಾಂಡಿಗೆ ತಂದಿಟ್ಟರು.

ಈಗ ದೋಣಿ ಸಮವಾಗಿ ನಿಂತಿತು. ಹಿಂದೆ ಮೋಟರು ಮತ್ತು ದೋಣಿಯವನು, ಮುಂದೆ ಬಂಡೆ. ನಡುವೆ ಒಂದು ಕೊಡೆ ಇಡುವಷ್ಟು ಜಾಗವಿತ್ತು. ರಕ್ಷಿಸಲ್ಪಟ್ಟವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆಯನ್ನು ದೋಣಿಯವನು ಎತ್ತಿದ. ಅದಕ್ಕೆ ಸಲಹೆಗಾರ್ತಿ ಉಪನಿಯಮ ರಚಿಸಿದರು. ಮುಳುಗುತ್ತಿರುವ ವ್ಯಕ್ತಿ ದೋಣಿಗೆ ಹತ್ತಿದ ಕೂಡಲೇ ಮುಂಭಾಗ ಸಮತೋಲನ ಅಧಿಕಾರಿಯು ನೀರಿಗೆ ಇಳಿಯತಕ್ಕದ್ದು. ಅವರ ಜಾಗದಲ್ಲಿ ಸದರಿ ವ್ಯಕ್ತಿ ಕೂತು ಸಮತೋಲನ ಕಾಪಾಡತಕ್ಕದ್ದು.

“ಆಮೇಲೆ ಬಂಡೆಯಣ್ಣ?” ಎಂದ ದೋಣಿಯವನು.

“ಆಮೇಲೆ ಅವರು ಮುಳುಗುತ್ತಿರುವ ವ್ಯಕ್ತಿ ಆಗ್ತಾರೆ” ಎಂದರು ಸಲಹೆಗಾರ್ತಿ. “ಆ ವರ್ಗಕ್ಕೆ ನಮ್ಮಲ್ಲಿ ಪೂರ್ತಿ ಸೌಲಭ್ಯ ಇದೆ. ವಾಪಸ್ ಬಂದು ಅವರನ್ನ ರಕ್ಷಿಸಬಹುದು.”

ನಿರ್ದೇಶಕರ ಮುಖ ಅರಳಿತು. “ಅಂದ್ರೆ ಒಬ್ಬರು ಬಿದ್ರೆ ಎರಡು ರಕ್ಷಣೆ! ವಾರ್ಷಿಕ ವರದಿ ಹೆಂಗಿರುತ್ತೆ ನೋಡಿ.”

ಆ ಸಂಜೆ ಬಂಡೆ ಮನೆಗೆ ಹೋಗಿ ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಬಡ್ತಿಯ ವಿಷಯ ಹೇಳಿದರು.

“ಯಾತಕ್ಕಂತೆ?”

“ತೂಕಕ್ಕೆ.”

ಆಕೆ ನಕ್ಕರು. ಆದೇಶವನ್ನು ಓದುತ್ತ ಓದುತ್ತ ಇನ್ನೂ ಜೋರಾಗಿ ನಕ್ಕರು. ಉಪನಿಯಮದ ಹಾಳೆಗೆ ಬಂದಾಗ ನಗು ನಿಂತಿತು.

“ನೀರಿಗೆ ಇಳೀಬೇಕಾ? ನೀವಾ?”

“ಯಾರಾದ್ರೂ ಹತ್ತಿದ್ರೆ ಮಾತ್ರ.”

“ಹತ್ತಿಸಿಕೊಳ್ಳೋಕೇ ಅಲ್ವೇನ್ರೀ ದೋಣಿ ಇರೋದು? ನಿಮಗೆ ಈಜು ಬರಲ್ಲ.”

“ಹುದ್ದೆಗೆ ಈಜು ಬರಬೇಕು ಅಂತ ಎಲ್ಲೂ ಬರೆದಿಲ್ಲ.”

“ಮೊನ್ನೆ ನಲ್ಲಿ ಕಿತ್ತು ಬಂದಾಗ ಮಂಚ ಹತ್ತಿ ನಿಂತಿದ್ರಲ್ಲ, ಅದನ್ನ ಬರೆದಿದಾರಾ?” ಆಕೆ ಹಾಳೆಗಳನ್ನು ಮಡಚಿದರು. “ಆ ದೊಡ್ಡ ಮೋಟರಿಗೆ ನೀವೂ ಸಹಿ ಹಾಕಿದ್ರಾ?”

“ಎಲ್ಲರೂ ಹಾಕಿದ್ರು.”

“ನಾನು ಎಲ್ಲರನ್ನ ಮದುವೆ ಆಗಿಲ್ಲ.”

ಬಂಡೆ ಊಟಕ್ಕೆ ಕೂತರು. ಆಕೆ ಎರಡನೆಯ ಸಲ ಬಡಿಸಲು ಬಂದವರು, ಸೌಟು ಹಿಡಿದು ಸ್ವಲ್ಪ ಹೊತ್ತು ನಿಂತು, ಬಡಿಸದೆ ಒಳಗೆ ಹೋದರು.

ಪ್ರಾತ್ಯಕ್ಷಿಕೆಯ ದಿನ ದಡದಲ್ಲಿ ಟೆಂಟು, ಟೆಂಟಿನಲ್ಲಿ ಸೋಫಾ, ಸೋಫಾದಲ್ಲಿ ನಿರ್ದೇಶಕರು ಮತ್ತು ಅವರ ಭಾವಮೈದುನರು ಇದ್ದರು. ಮೂತಿಯ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿದ್ದ ದೋಣಿ ಸೊಂಟದಾಳದ ನೀರಿನಲ್ಲಿ ತೂಗಾಡುತ್ತಿತ್ತು. ಮುಳುಗುವ ಪಾತ್ರಕ್ಕೆ ಆಯ್ಕೆಯಾದ ಜವಾನ ದೂರದ ಮರಳದಿಬ್ಬದ ಮೇಲೆ ಕೂತು, ಮುಳುಗಲು ಸೂಚನೆ ಕಾಯುತ್ತಿದ್ದ. ಆಯ್ಕೆ ಮಾಡಿದ ಎಲ್ಲರೂ ನಿಯಮಾನುಸಾರ ಈಗಾಗಲೇ ದೋಣಿಯಲ್ಲಿ ಕೂತಿರುವುದರಿಂದ ದಡದಲ್ಲಿ ಕೂರಲು ಅರ್ಹರು ಎಂದು ಮೈಕಿನಲ್ಲಿ ಪ್ರಕಟಿಸಲಾಯಿತು.

“ಈಗ ಮುಂಭಾಗ ಸಮತೋಲನ ಅಧಿಕಾರಿಗಳು ಕರ್ತವ್ಯಕ್ಕೆ ಹಾಜರಾಗಬೇಕು!”

ಕಿತ್ತಳೆ ಬಣ್ಣದ ಜಾಕೆಟ್ಟಿನ ಗುಂಡಿ ಹಾಕಲಾಗದೆ, ಅದನ್ನು ಹೆಗಲಿಗೆ ತಗುಲಿಸಿಕೊಂಡು, ಬಂಡೆ ಹೋಗಿ ಮುಂದೆ ಕೂತರು. ದೋಣಿಯವನು ಮೋಟರಿನ ದಾರ ಎಳೆದು ಅದನ್ನು ಚಾಲೂ ಮಾಡಿದ. ಸದ್ದಿಗೆ ಟೆಂಟಿನ ಬಟ್ಟೆ ನಡುಗಿತು. ರಬ್ಬರಿನ ದೋಣಿ ಚಳಿಜ್ವರ ಬಂದಂತೆ ಅದುರಿತು. ಬಂಡೆ ನೀರನ್ನು ನೋಡಿದರು. ದಡದಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಎದ್ದು ನಿಂತು, ಒಂದು ಕಾಲು ಹೊರಗಿಟ್ಟು, ಇನ್ನೊಂದನ್ನೂ ಇಟ್ಟರು.

“ಬಂಡೆಯಣ್ಣಾ, ಕೂತ್ಕೊಳ್ಳಿ! ನಾನು ಹಿಂದಕ್ಕೆ ಹೋಗ್ತಿದೀನಿ!” ದೋಣಿಯವನು ಕಿರುಚಿ ಮೋಟರು ನಿಲ್ಲಿಸಿದ. ಮೂತಿ ಮೇಲೆದ್ದಿತ್ತು.

“ಏನ್ರೀ ಇದು?” ಎಂದರು ನಿರ್ದೇಶಕರು ಮೈಕಿನಲ್ಲಿ.

“ನಾನು ಕೂರಲ್ಲ ಸಾರ್.”

“ನಿಮ್ಮ ಹುದ್ದೇನೇ ಕೂರೋದು ಕಣ್ರೀ. ಕೂರಲ್ಲ ಅಂದ್ರೆ ಏನು ಮಾಡ್ತೀರಿ?”

“ಗೊತ್ತಿಲ್ಲ ಸಾರ್. ಅದನ್ನ ಮೇಜಿನ ಮೇಲೆ ಆರಿಸಿದ್ವಿ. ಮೇಜಿನ ಮೇಲೇ ಓಡಿಸಿ.”

ಹುದ್ದೆ ತೆರವಾಗಿದೆಯೆಂದು ಅಲ್ಲೇ ಪ್ರಕಟಣೆಯಾಯಿತು. ದಿನಭತ್ಯೆಯುಂಟು ಎಂಬುದೂ ಅದರಲ್ಲಿತ್ತು. ಉಗ್ರಾಣದಿಂದ ತೂಕದ ಯಂತ್ರ ಬಂತು. ಸಿಬ್ಬಂದಿ ಸಾಲು ನಿಂತರು. ಒಬ್ಬ ಜೇಬಿಗೆ ಬೀಗದ ಕೈಗೊಂಚಲು ಹಾಕಿಕೊಂಡು ಬಂದನೆಂದು ಹಿಂದಿನವರು ಜಗಳ ತೆಗೆದರು. ಭಾವಮೈದುನರು ತಮ್ಮ ಗೋದಾಮಿನಲ್ಲಿ ಇದಕ್ಕೂ ದೊಡ್ಡ ಮೋಟರಿದೆಯೆಂದೂ, ಅದಕ್ಕೆ ಇಬ್ಬರು ಅಧಿಕಾರಿಗಳು ಬೇಕಾಗಬಹುದೆಂದೂ ಹೇಳಿದಾಗ ಜಗಳ ನಿಂತು ಚಪ್ಪಾಳೆಯಾಯಿತು. ಉಗ್ರಾಣಪಾಲಕರು ಆಯ್ಕೆಯಾದರು. ಎಲ್ಲರೂ ಕೈ ಕುಲುಕಿದರು.

“ಈಜು ಬರುತ್ತಾ?” ಎಂದು ಬಂಡೆ ಅವರ ಹೆಗಲಿಗೆ ಜಾಕೆಟ್ಟು ಹಾಕುತ್ತ ಮೆಲ್ಲಗೆ ಕೇಳಿದರು.

“ಇಲ್ಲಪ್ಪ. ಅದನ್ನ ಯಾರೂ ಕೇಳಲಿಲ್ಲವಲ್ಲ” ಎಂದು ಹೇಳಿ ಉಗ್ರಾಣಪಾಲಕರು ಉತ್ಸಾಹದಿಂದ ನೀರಿಗಿಳಿದು ದೋಣಿ ಹತ್ತಿದರು. ಮೂತಿ ಕೆಳಗಿಳಿಯಿತು. ದೋಣಿಯವನು ಮತ್ತೆ ಮೋಟರು ಚಾಲೂ ಮಾಡಿ, ದಡದ ಕಡೆ ಕೈ ಬೀಸಿ, “ಹಗ್ಗ ಬಿಚ್ಚಿ!” ಎಂದು ಕೂಗಿದ.

ಗೂಟಕ್ಕೆ ಹತ್ತಿರವಿದ್ದವರು ಬಂಡೆ. ಅವರು ಬಗ್ಗಿ ಹಗ್ಗವನ್ನು ಹಿಡಿದರು. ಬಿಚ್ಚುತ್ತಾರೆಂದು ಎಲ್ಲರೂ ಕಾದರು. ಅವರು ಅದನ್ನು ಗೂಟಕ್ಕೆ ಇನ್ನೆರಡು ಸುತ್ತು ಸುತ್ತಿ, ಉಳಿದದ್ದನ್ನು ನೆಲದ ಮೇಲೆ ಮಡಿಸಿಟ್ಟು, ಒದ್ದೆ ಪ್ಯಾಂಟನ್ನು ಮೊಣಕಾಲ ತನಕ ಮಡಚಿಕೊಂಡು, ಆ ಹಗ್ಗದ ಮೇಲೆ ಕೂತರು.

ಏಳಬೇಕೆಂದು ಮೈಕಿನಲ್ಲಿ ಸೂಚನೆ ಬಂತು. ಬಂಡೆ ಪಕ್ಕಕ್ಕೆ ಒಂದಿಷ್ಟು ಸರಿದು, ಹೆಂಡತಿಗೂ ಹಗ್ಗದ ಮೇಲೆ ಜಾಗ ಮಾಡಿಕೊಟ್ಟರು.