ಒಂದೇ ವಿಮಾನ, ಎರಡು ದರ: ಗಗನದೀಪದವರಿಗೆ ಜೇವರ್ಗಿಯ ಸೋದರತ್ತೆಯ ನಿವೇದನೆ

ಮೋಡದ ಮೇಲೆ ಅಂಗಡಿ ಇಟ್ಟುಕೊಂಡೂ ನೆಲದ ಗಿರಾಕಿಯನ್ನು ಮರೆಯದ, ಗಗನದೀಪ ವಿಮಾನ ಸಂಸ್ಥೆಯ ದರ ನಿಗದಿ ವಿಭಾಗದ ಪರಮ ಮಾನ್ಯರೇ,

ಜೇವರ್ಗಿಯಿಂದ ಸುಮಂಗಲಾ ಮಾಡುವ ಶರಣು ಶರಣಾರ್ಥಿಗಳು. ತಾವೆಲ್ಲ ಕ್ಷೇಮವಾಗಿದ್ದೀರಿ ಎಂಬುದು ತಮ್ಮ ದರಗಳನ್ನು ನೋಡಿದಾಗಲೇ ತಿಳಿಯಿತು. ನಾನು ಇಲ್ಲಿನ ಬಜಾರಿನಲ್ಲಿ ಸೀರೆ ಅಂಗಡಿ ನಡೆಸುವವಳು. ಆದ್ದರಿಂದ ಇದನ್ನು ಗಿರಾಕಿಯ ದೂರು ಎಂದುಕೊಳ್ಳದೆ, ಸಣ್ಣ ವ್ಯಾಪಾರಿಯೊಬ್ಬಳು ದೊಡ್ಡ ವ್ಯಾಪಾರಿಗೆ ದೂರದಿಂದ ಮುಗಿಯುವ ಕೈ ಎಂದೇ ಭಾವಿಸಿ ಓದಬೇಕಾಗಿ ವಿನಂತಿ.

ನನ್ನ ಒಡಹುಟ್ಟಿದವನು ಅರುಣಕುಮಾರ ಗುವಾಹಟಿಯ ಬ್ಯಾಂಕೊಂದರಲ್ಲಿದ್ದಾನೆ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ಎಲ್ಲರೂ ಆಸೆ ಬಿಟ್ಟ ಹೊತ್ತಿನಲ್ಲಿ, ಅವನಿಗೆ ಹೆಣ್ಣು ಕೂಸು ಹುಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಕೂಗಿ ಹೆಸರು ಹೇಳಬೇಕು, ಹೇಳಿದ ಕೂಡಲೇ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಇದು ನಮ್ಮ ಕಡೆಯ ಪದ್ಧತಿ. ಆ ಕೂಸಿಗೆ ಸೋದರತ್ತೆ ಎಂದರೆ ನಾನೊಬ್ಬಳೇ. ಹೀಗಾಗಿ ಅಫಜಲಪುರದಲ್ಲಿರುವ ನನ್ನ ಅವ್ವ ಗಂಗಾಬಾಯಿಯನ್ನು ಕರೆದುಕೊಂಡು, ಹೈದರಾಬಾದಿನಿಂದ ಹೊರಟು, ಕೋಲ್ಕತ್ತದಲ್ಲಿ ವಿಮಾನ ಬದಲಿಸಿ ಗುವಾಹಟಿ ಸೇರುವುದೆಂದು ನಿಶ್ಚಯವಾಯಿತು.

ಅವ್ವನ ಟಿಕೆಟ್ಟನ್ನು ಅರುಣ ಅಲ್ಲಿಂದಲೇ ‘ಪೂರ್ವಪಂಖ’ ಎಂಬ ಕಂಪನಿಯಲ್ಲಿ ತೆಗೆಸಿದ. ನಾನಾದರೋ ಕಲಬುರಗಿಯ ಚೌಕದಲ್ಲಿ ತಮ್ಮ ಭವ್ಯವಾದ ಜಾಹೀರಾತು ಫಲಕವನ್ನು ಕಂಡು ಮರುಳಾದವಳು. ಅದೇ ದಿನ ನಮ್ಮೂರ ಏಜೆಂಟರಾದ ಗೌಸಮೊಹಿದ್ದೀನರ ಬಳಿ ಹೋಗಿ, ನನಗೆ ಗಗನದೀಪದ್ದೇ ಬೇಕೆಂದು ಹಟ ಹಿಡಿದೆ. ಅವರು ಕಂಪ್ಯೂಟರ್ ನೋಡಿ, “ವಿಮಾನ ಒಂದೇ ಅದ್ರಿ ಅಕ್ಕಾ, ಹೆಸರು ಎರಡವ. ಇವರ ಹೆಸರಿನ್ಯಾಗ ತಗೊಂಡ್ರ ರೇಟು ಡಬಲ್ ಬೀಳ್ತದ” ಎಂದರು. ಡಬಲ್ ಕೊಟ್ಟಲ್ಲಿ ಏನಾದರೂ ಡಬಲ್ ಸಿಕ್ಕೇ ಸಿಗುತ್ತದೆಂದು ನಂಬಿ, “ಇರ್ಲಿ, ಅದನ್ನೇ ಮಾಡ್ರಿ” ಎಂದೆ. ಬೆಲೆ ಕೇಳದೆ ಸೀರೆ ಕಟ್ಟಿಸಿಕೊಂಡು ಹೋಗುವ ಗಿರಾಕಿಯನ್ನು ನಾನು ಹೇಗೆ ನೋಡುತ್ತೇನೋ ಅವರು ನನ್ನನ್ನು ಹಾಗೆಯೇ ನೋಡಿದರು.

ಹೊರಟ ದಿನ ಹೈದರಾಬಾದಿನಲ್ಲಿ ವಿಮಾನದ ಮೈಮೇಲೆ ಎಲ್ಲಿ ಹುಡುಕಿದರೂ ತಮ್ಮ ಶುಭನಾಮ ಕಾಣಲಿಲ್ಲ. ಮೂತಿಯಿಂದ ಬಾಲದವರೆಗೆ ಪೂರ್ವಪಂಖ ಎಂದೇ ಇತ್ತು. ಅವ್ವನಿಗೂ ನನಗೂ ಅಕ್ಕಪಕ್ಕದ ಸೀಟು ಸಿಕ್ಕಿತು, ಕಿಟಕಿ ಮಾತ್ರ ಅವ್ವನ ಪಾಲಾಯಿತು. ಕೂತು ಸುಧಾರಿಸಿಕೊಂಡ ಮೇಲೆ ಅವಳು, “ನಿನ್ನ ವಿಮಾನ ಎಲ್ಲದಬೇ?” ಎಂದಳು.

“ಇದೇ ಅವ್ವಾ.”

“ಮತ್ತ ನಂದು?”

“ಅದೂ ಇದೇ.”

“ಹಂಗಾದ್ರ ಮ್ಯಾಲಿನ ರೊಕ್ಕ ಯಾತಕ್ಕ ಕೊಟ್ಟಿ?”

ಮಾನ್ಯರೇ, ತಮ್ಮ ಮೇಲಿನ ಗೌರವ ಅಲ್ಲಿಯೇ ಇಮ್ಮಡಿಯಾಯಿತು. ಪಕ್ಕದ ಅಂಗಡಿಯ ಹುಸೇನಸಾಬರ ಇಳಕಲ್ ಸೀರೆಗೆ ನನ್ನ ಚೀಟಿ ಅಂಟಿಸಿ ಎರಡರಷ್ಟು ಬೆಲೆಗೆ ಮಾರುವ ಉಪಾಯ, ಇಷ್ಟು ವರ್ಷ ವ್ಯಾಪಾರ ಮಾಡಿಯೂ ನನ್ನ ತಲೆಗೆ ಹೊಳೆದಿರಲಿಲ್ಲ. ಸೀರೆ ಅವರದು, ನೇಕಾರ ಅವರವನು, ಬಣ್ಣ ಬಿಟ್ಟರೆ ಜವಾಬ್ದಾರಿಯೂ ಅವರದು. ಹೆಸರು ಮಾತ್ರ ನನ್ನದು. ಇಂಥ ವಿದ್ಯೆಯನ್ನು ತಾವು ಪುಕ್ಕಟೆಯಾಗಿ ಕಲಿಸಿದ್ದೀರಿ ಎನ್ನೋಣವೆಂದರೆ, ಫೀಸನ್ನು ಮೊದಲೇ ವಸೂಲು ಮಾಡಿದ್ದೀರಿ.

ಕೋಲ್ಕತ್ತದಲ್ಲಿ ಮಳೆ ಸುರಿಯುತ್ತಿತ್ತು, ಗುವಾಹಟಿಯ ವಿಮಾನ ರದ್ದಾಗಿತ್ತು. ಪೂರ್ವಪಂಖದವರು ಮುಂದಿನ ವಿಮಾನದಲ್ಲಿ ಉಳಿದಿದ್ದ ಕೆಲವೇ ಸೀಟುಗಳಿಗೆ ಸ್ವಂತ ಟಿಕೆಟ್ಟಿನವರನ್ನಷ್ಟೇ ಹೆಸರು ಹಿಡಿದು ಕರೆದರು. ಅವ್ವನ ಹೆಸರು ಬಂತು, ನನ್ನದು ಬರಲಿಲ್ಲ. ಕೌಂಟರಿನ ತರುಣ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ, “ನೀವು ಗಗನದೀಪದವರು ಮೇಡಂ, ಅವರನ್ನೇ ಕೇಳಬೇಕು” ಎಂದ. ತಮ್ಮ ಕೌಂಟರನ್ನು ಹುಡುಕಿ ಹೋದೆ. ಫಲಕ ಬೆಳಗುತ್ತಿತ್ತು, ಕುರ್ಚಿ ಚೆನ್ನಾಗಿತ್ತು, ಕೂತವರು ಯಾರೂ ಇರಲಿಲ್ಲ. ತಮ್ಮ ಸಹಾಯವಾಣಿಯೋ, ವಿಮಾನ ಪೂರ್ವಪಂಖದ್ದಾದ್ದರಿಂದ ಅವರನ್ನೇ ಕೇಳಬೇಕೆಂದು ಮಧುರವಾಗಿ ತಿಳಿಸಿತು.

ತೊಟ್ಟಿಲ ಕಾರ್ಯ ಅಂದೇ ಸಂಜೆ. ನನ್ನನ್ನು ಬಿಟ್ಟು ಹೋಗಲು ಅವ್ವ ಒಪ್ಪಲಿಲ್ಲ.

“ನಾ ಒಬ್ಬಾಕಿ ಹೆಂಗ ಹೋಗ್ಲೆವ್ವಾ? ಮ್ಯಾಲ ಯಾರರ ಏನರ ಕೇಳಿದ್ರ?”

“ಮ್ಯಾಲ ಯಾರೂ ಏನೂ ಕೇಳಂಗಿಲ್ಲ. ಬೆಲ್ಟ್ ಹಾಕ್ಕೊಂಡು ಸುಮ್ ಕುಂದ್ರು. ಇಬ್ಬರೂ ಹೋಗ್ಲಿಲ್ಲಂದ್ರ ಅರುಣ ಏನ್ ಮಾಡಬೇಕು?”

ಅವಳು ಸೆರಗು ಬಿಗಿದುಕೊಂಡು, ಹಿಂದಿರುಗಿ ನೋಡುತ್ತ ನೋಡುತ್ತ ಗೇಟಿನೊಳಗೆ ಹೋದಳು. ಜೀವಮಾನದಲ್ಲಿ ವಿಮಾನ ಹತ್ತಿದ್ದು ಅದೇ ಮೊದಲ ದಿನ, ಒಂಟಿಯಾಗಿ ಹತ್ತಿದ್ದೂ ಅದೇ ದಿನ. ಬಹಳ ಬೇಡಿಕೊಂಡ ಮೇಲೆ ಕೌಂಟರಿನ ಅದೇ ತರುಣನಿಂದ ನನಗೆ ಮರುದಿನದ ವಿಮಾನ ಸಿಕ್ಕಿತು. ಸಾಲುಕುರ್ಚಿಯಲ್ಲಿ ಕೂತು ಅತ್ತೆನೆಂದು ಬರೆಯಲು ಸಂಕೋಚ. ಪಕ್ಕದಲ್ಲಿದ್ದ ಬಂಗಾಲಿ ತಾಯಿಯೊಬ್ಬರು ಕರವಸ್ತ್ರ ಕೊಟ್ಟರೆಂದಷ್ಟೇ ತಿಳಿಸುತ್ತೇನೆ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ, ಕುರ್ರ್ ಮತ್ತು ಗುದ್ದಿನ ಸಮೇತ, ನನ್ನ ಕಥೆ ಕೇಳಿದ ಅವರು ಆ ಸಾಲಿನವರಿಗೆಲ್ಲ ಅದನ್ನು ಹೇಳಿದರು.

ಸಂಜೆ ಅರುಣನ ಫೋನು ಬಂತು. “ಅಕ್ಕಾ, ಅವ್ವ ಬಂದು ಮುಟ್ಯಾಳ. ಫೋನ್ ಕೂಸಿನ ಕಿವಿಗಿ ಹಿಡದೀನಿ. ಹೆಸರು ಹೇಳು.” ಘತ್ತರಗಿಯ ಭಾಗ್ಯವಂತಿ ದೇವಿಗೆ ಅವ್ವ ಹರಕೆ ಹೊತ್ತು ಪಡೆದ ಮೊಮ್ಮಗಳು, ಹೀಗಾಗಿ ಭಾಗ್ಯಶ್ರೀ ಎಂದು ನಾನು ಆರಿಸಿಟ್ಟಿದ್ದೆ. ಬಾಯಿಗೆ ಕೈ ಅಡ್ಡ ಹಿಡಿದು ‘ಕುರ್ರ್’ ಎಂದದ್ದೇ ತಡ, ಇಡೀ ದಿನ ಕುರ್ಚಿ ಖಾಲಿ ಬಿಟ್ಟಿದ್ದ ತಾವು ನನ್ನ ತಲೆಯ ಮೇಲಿನ ಧ್ವನಿವರ್ಧಕದಲ್ಲಿ, ‘ಗಗನದೀಪ’ ಎಂದು ಆರಂಭಿಸಿ, ಆಗಿರುವ ಅನಾನುಕೂಲಕ್ಕೆ ವಿಷಾದ ಸೂಚಿಸಿದಿರಿ.

ಅತ್ತ ಕಡೆಯಿಂದ ಅವ್ವನ ಕೂಗು ಕೇಳಿತು. “ಏನಂದಿಬೇ? ಗಗನದೀಪನಾ? ಅದೇನ್ ಹೆಸರವ್ವಾ!” ಹಿಂದೆಯೇ ನಗು. ನಾನು ಭಾಗ್ಯಶ್ರೀ, ಭಾಗ್ಯಶ್ರೀ ಎಂದು ಅರಚುತ್ತಿದ್ದಂತೆ, ಇತ್ತ ಬಂಗಾಲಿ ತಾಯಿ ನನ್ನ ಬೆನ್ನಿಗೆ ಧಡ್ಡನೆ ಗುದ್ದಿದರು, ಅವರ ಹಿಂದೆ ಆ ಸಾಲಿನ ಹೆಂಗಸರೆಲ್ಲ ಎದ್ದು ಬಂದು ಗುದ್ದಿದರು. ಅಷ್ಟು ಜನರ ಗುದ್ದು ಅಫಜಲಪುರದ ನಮ್ಮ ಓಣಿಯಲ್ಲಾದರೂ ಬೀಳುತ್ತಿರಲಿಲ್ಲ. ಅಳು ಯಾವಾಗ ನಗುವಾಯಿತೋ ನನಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಕೂಸನ್ನು ಎತ್ತಿಕೊಂಡು, ಯಾವ ಧ್ವನಿವರ್ಧಕವೂ ಇಲ್ಲದ ಕೋಣೆಯಲ್ಲಿ ಹೆಸರನ್ನು ಮತ್ತೊಮ್ಮೆ ಹೇಳಿದೆ. ದಾಖಲೆಯಲ್ಲಿ ಭಾಗ್ಯಶ್ರೀ ಎಂದೇ ಆಗಿದೆ. ಆದರೆ ಕಿವಿಗೆ ಮೊದಲು ಬಿದ್ದ ಹೆಸರನ್ನು ಬಿಡಬಾರದೆಂದು ಅವ್ವ ಪಟ್ಟು ಹಿಡಿದಿರುವುದರಿಂದ, ಮನೆಯಲ್ಲಿ ಎಲ್ಲರೂ ಕೂಸನ್ನು ಗಗನಾ ಎಂದು ಕರೆಯುತ್ತಾರೆ.

ಈ ಸಂಬಂಧದ ಸಲುಗೆಯಿಂದ ಎರಡೇ ಕೋರಿಕೆ. ಮುಂದಿನ ಸಲ ನನ್ನ ಸೀಟಿನ ಅಗಲದಷ್ಟು ವಿಮಾನಕ್ಕಾದರೂ ತಮ್ಮ ಹೆಸರು ಬರೆಸಿರಿ. ಹಾಗೆಯೇ, ಕೂಸಿಗೆ ಮೊದಲು ಹೆಸರಿಟ್ಟವರು ತಾವೇ ಆದ್ದರಿಂದ, ನನಗೆ ಬಿದ್ದ ಗುದ್ದುಗಳಲ್ಲಿ ತಮ್ಮ ಪಾಲನ್ನು ಸ್ವೀಕರಿಸಲು ವಿಭಾಗದ ಹಿರಿಯರೊಬ್ಬರನ್ನು ಜೇವರ್ಗಿಗೆ ಕಳಿಸಿರಿ.

ಎರಡು ಪಟ್ಟು ಕೊಟ್ಟ ಮೇಲೂ ತಮ್ಮ ಒಂದು ಪಟ್ಟು ವಿಶ್ವಾಸಿ,
ಸುಮಂಗಲಾ

ತಾ.ಕ.: ಮರಳುವ ಟಿಕೆಟ್ ನೋಡುವಾಗ, ಗುವಾಹಟಿಯಿಂದ ಹೈದರಾಬಾದಿಗೆ ಬರುವುದಕ್ಕಿಂತ ಹೈದರಾಬಾದಿನಲ್ಲಿ ನಿಂತು ತಿರುಪತಿಗೆ ಹೋಗುವುದೇ ಅಗ್ಗವೆಂದು ತಿಳಿಯಿತು. ನಡುವೆ ಹೈದರಾಬಾದಿನಲ್ಲೇ ಇಳಿದುಬಿಡಲೇ ಎಂದರೆ, ಅದು ನಿಯಮಕ್ಕೆ ವಿರುದ್ಧವಂತೆ. ನಮ್ಮ ಕಡೆ ಬಸ್ಸಿನಲ್ಲಿ ಸೊಲ್ಲಾಪುರದವರೆಗೆ ಟಿಕೆಟ್ ತೆಗೆಸಿದವರು ಆಳಂದದಲ್ಲೇ ಇಳಿದರೆ, ಕಂಡಕ್ಟರು ಸೀಟು ಖಾಲಿಯಾಯಿತೆಂದು ಸಂತೋಷಪಟ್ಟು ಚೀಲವನ್ನೂ ಇಳಿಸಿಕೊಡುತ್ತಾರೆ. ಆ ಇಲಾಖೆಯಲ್ಲಿ ತಮ್ಮವರಿಗೆ ತರಬೇತಿ ಬೇಕಿದ್ದರೆ ತಿಳಿಸಿ. ಅಲ್ಲಿ ಫೀಸು ಇಲ್ಲ.