ವಿಭೂತಿಗೆ ಕೈಮುಗಿದು ಇಂಜಿನ್ ಬಿಚ್ಚಿದವರಿಗೆ

ಗುಂಡ್ಲುಪೇಟೆ, 1956

ಮೈಸೂರಿನಿಂದ ದಯಮಾಡಿಸಿ ನಮ್ಮ ಹಿಟ್ಟಿನ ಗಿರಣಿಯನ್ನು ಪಾವನಗೊಳಿಸಿದ ಇಂಜಿನ್ ತಜ್ಞರಾದ ಶಿವರುದ್ರಸ್ವಾಮಿಗಳ ಸನ್ನಿಧಾನಕ್ಕೆ.

ಮಾನ್ಯರೇ,

ತಮ್ಮ ಪರೀಕ್ಷೆಗೆ ತಗುಲಿದ್ದು ಇಷ್ಟು: ಹೊಸ ನಾಜಲ್, ಪಿಸ್ಟನ್ ರಿಂಗುಗಳು, ತಮ್ಮ ಕೂಲಿ, ಬಸ್ ಚಾರ್ಜು, ಬೇಡ ಬೇಡವೆನ್ನುತ್ತಲೇ ತಾವು ಸ್ವೀಕರಿಸಿದ ಒಬ್ಬಟ್ಟು, ಮತ್ತು ನಮ್ಮ ಅರ್ಧ ಗಿರಾಕಿ.

ಆಯುಧಪೂಜೆಯಂದು ಎಣ್ಣೆ ಟ್ಯಾಂಕಿನ ಮುಚ್ಚಳವನ್ನೇ ಇಂಜಿನ್ನಿನ ಹಣೆಯೆಂದು ತಿಳಿದು ಗಟ್ಟಿಯಾಗಿ ವಿಭೂತಿ ಬಳಿದದ್ದು ನಮ್ಮ ತಪ್ಪೇ, ಒಪ್ಪಿದೆ. ಮಾರನೆಯ ದಿನ ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ತಾವು ಬಂದು, ಚಪ್ಪಲಿ ಹೊರಗೆ ಬಿಟ್ಟು, ಮುಚ್ಚಳಕ್ಕೆ ಕೈಮುಗಿದು, ವಿಭೂತಿ ಉದುರಿದ್ದ ಕಡೆ ಹೊಸದನ್ನು ಮೆತ್ತಿ, ಎಣ್ಣೆ ಇದೆಯೇ ಎಂದು ಕೇಳಿ, ಹಬ್ಬಕ್ಕೇ ತುಂಬಿಸಿದ್ದೇವೆಂದರೆ ನಂಬಿ, ಪೂಜೆಯಾದ ಮುಚ್ಚಳವೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬಿಚ್ಚಿ ಗೋಣಿತಾಟಿನ ಮೇಲೆ ಹರಡಿದಿರಿ. ಇಂಥ ಭಕ್ತಿ ಮಠದಲ್ಲೂ ಸಿಗುವುದಿಲ್ಲ.

ಹೊಸ ಭಾಗಗಳನ್ನು ಹಾಕಿ ಮತ್ತೆ ಜೋಡಿಸಿದರೂ ಅದು ಓಡದಾಗ, ಕೊನೆಗೆ ತಾವು ಕೊಟ್ಟ ತೀರ್ಪು: ಇದರ ಆಯಸ್ಸು ಮುಗಿಯಿತು, ಹಳೇ ಕಬ್ಬಿಣದ ಬೆಲೆಗೆ ಕೊಟ್ಟುಬಿಡಿ, ತೆರಕಣಾಂಬಿಯಲ್ಲಿ ಗಿರಣಿ ಇಟ್ಟಿರುವ ನನ್ನ ಭಾವ ಮರಿಮಲ್ಲಪ್ಪ ಕೊಳ್ಳುತ್ತಾರೆ. ಈ ಇಂಜಿನ್ ಬಿಟ್ಟರೆ ನಮ್ಮ ಮನೆಯ ಒಲೆ ಉರಿಸಲು ಬೇರೆ ದಾರಿಯಿಲ್ಲವಾದರೂ, ತಜ್ಞರ ಮಾತೆಂದು ಒಪ್ಪಿದೆ.

ತಮ್ಮ ಭಾವನವರು ಗಾಡಿ ಕಟ್ಟಿಕೊಂಡೇ ಬಂದರು. ನನ್ನಾಕೆ ಪುಟ್ಟಬಸಮ್ಮ, "ಮನೆ ಬುಟ್ಟು ಓಗದು, ಮೊಕನಾರ ತೊಳ್ದು ಕಳ್ಸನ" ಎಂದು ಮುಚ್ಚಳ ತೆಗೆದು ಹುಣಿಸೆಹಣ್ಣು ಹಚ್ಚಿ ಉಜ್ಜಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ಭಾವನವರು, ಸತ್ತದ್ದು ಸತ್ತಿದೆಯೆಂದು ತೋರಿಸಿ ಬೆಲೆ ಇನ್ನಷ್ಟು ಇಳಿಸಲು ತಾವೇ ಹ್ಯಾಂಡಲ್ ತಿರುಗಿಸಿದರು. ಇಂಜಿನ್ ಹೊಗೆಯುಗುಳಿ ಗುಡುಗಿತು. ಭಾವನವರು ರಾಗಿ ಚೀಲದ ಮೇಲೆ ಕೂತುಬಿಟ್ಟರು.

ಉಜ್ಜಿದ ಮುಚ್ಚಳದ ನಡುವೆ ಸೂಜಿ ತೂರುವಷ್ಟು ತೂತು ಕಂಡಿತು. ಅದರಿಂದ ಗಾಳಿ ಒಳಹೋಗದಿದ್ದರೆ ಎಣ್ಣೆ ಕೆಳಗಿಳಿಯುವುದಿಲ್ಲವಂತೆ. ಹಿಟ್ಟಿಗೆ ಕಾದಿದ್ದ ದೊಡ್ಡಮಾದಮ್ಮ, "ಅಯ್ಯೋ ಸಿವ್ನೇ, ಬಾಯ್ಗೆ ಬೂದಿ ಮೆತ್ಬುಟ್ಟು ಒಟ್ಟೆ ಕುಯ್ದವ್ರಲ್ಲಾ!" ಎಂದಳು.

ಆದ್ದರಿಂದ ತಾವು ದಯವಿಟ್ಟು ಮತ್ತೊಮ್ಮೆ ಬಂದು, ತಾವು ಜೋಡಿಸಿದ ಮೇಲೂ ಉಳಿದಿರುವ ಬೋಲ್ಟುಗಳು ಇಂಜಿನ್ನಿನವೋ ಕೈಲಾಸದವೋ ತಿಳಿಸಬೇಕು. ಹಾಗೆಯೇ ನಮ್ಮ ಗಿರಣಿ ನಿಂತಾಗ ಅತ್ತ ಹೋದ ಹರವೆ ಕಡೆಯ ಗಿರಾಕಿಗಳನ್ನು ತಮ್ಮ ಭಾವನವರ ಗಿರಣಿಯಿಂದ ಬಿಚ್ಚಿ ತಂದು ಇಲ್ಲಿ ಬಿಗಿಯಬೇಕು.

ಇಂಜಿನ್ ಓಡುತ್ತಿದ್ದರೂ ತಮ್ಮನ್ನು ಮರೆಯಲಾರದ
ತಮ್ಮ ವಿಶ್ವಾಸಿ,
ಶಿವಮಲ್ಲಪ್ಪ

ಮರೆತ ಮಾತು, ಇದರಲ್ಲಿ ಯಾರಿಗೆ ಏನು ಸಿಕ್ಕಿತೆಂದು: ತಮಗೆ ಕೂಲಿ. ಭಾವನವರಿಗೆ ಹರವೆಯ ಗಿರಾಕಿ. ದೊಡ್ಡಮಾದಮ್ಮನಿಗೆ ಆ ಮಾತಿಗಾಗಿ ಒಂದು ಚೀಲ ಬಿಟ್ಟಿ ಹಿಟ್ಟು. ನನಗೆ, ಮೊದಲಿಂದಲೂ ನನ್ನದೇ ಆಗಿದ್ದ ಇಂಜಿನ್.