ನಾನು ಹೋಮ್‌ವರ್ಕ್ ನಿಲ್ಲಿಸಿದ್ದು

ಲೋಕದ ಹಿತದ ಬಗ್ಗೆ ಯಾರಾದರೂ ತೀರಾ ಬಿಸಿಯಾಗಿ ಮಾತಾಡುತ್ತಿದ್ದರೆ, ಅವರ ಮನೆಯಲ್ಲಿ ಏನು ನಡೆದಿದೆ ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೀದಿದೀಪ ಬೇಕೆಂದು ಅರ್ಜಿ ಹಾಕುವವನು ಹಿಂದಿನ ಸಂಜೆಯಷ್ಟೇ ಚರಂಡಿಗೆ ಕಾಲಿಟ್ಟಿರುತ್ತಾನೆ. ನಾನೂ ಅಂಥ ಒಬ್ಬ ಲೋಕೋದ್ಧಾರಕ. ಚಿಕ್ಕ ಮಕ್ಕಳಿಗೆ ಹೋಮ್‌ವರ್ಕ್ ಕೊಡಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯವಾಗಿತ್ತು. ಇದನ್ನು ನಾನು ಚೆನ್ನೈನ ಪೆರಂಬೂರಿನ ಬಸ್‌ಸ್ಟಾಪಿನಲ್ಲಿ ಹೇಳಿದ್ದೇನೆ, ನನ್ನ ವಿಮಾ ಕಚೇರಿಯ ಕ್ಯಾಂಟೀನಿನಲ್ಲಿ ಹೇಳಿದ್ದೇನೆ, ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿಕೊಂಡೇ ಹೇಳಿದ್ದೇನೆ. ಒಂದನೇ ಕ್ಲಾಸಿನ ಕೂಸಿನ ಬೆರಳು ಎಷ್ಟು ಮೆತ್ತಗಿರುತ್ತದೆ, ಇಡೀ ದಿನ ಬೆಂಚಿನ ಮೇಲೆ ಕೂತು ಬಂದ ಜೀವಕ್ಕೆ ಸಂಜೆಯೂ ಪೆನ್ಸಿಲ್ ಹಿಡಿಸುವುದು ಎಂಥ ಅನ್ಯಾಯ, ಆಡಿ ಬೆಳೆಯಬೇಕಾದ ವಯಸ್ಸಲ್ಲವೇ ಇದು ಎಂದೆಲ್ಲ ನಾನು ಹೇಳುವಾಗ ಕೇಳುವವರ ಕಣ್ಣು ತೇವವಾಗುತ್ತಿತ್ತು. ಒಂದೆರಡು ಸಲ ನನ್ನ ಕಣ್ಣೂ ಆಗಿದ್ದುಂಟು.

ನಿಜವಾದ ಕಾರಣ ಬೇರೆ. ನನಗೆ ತಮಿಳು ಓದಲು ಬರುವುದಿಲ್ಲ. ಮಾತು ಬರುತ್ತದೆ, ಭೇಷಾಗಿಯೇ ಬರುತ್ತದೆ. ಧಾರವಾಡದಿಂದ ಈ ಚೆನ್ನೈಗೆ ವರ್ಗವಾಗಿ ಬಂದ ಹೊಸತರಲ್ಲೇ ಆಟೋದವರ ಜೊತೆ ಜಗಳವಾಡಿ ಆಡಿ ನಾಲಿಗೆ ಹದಕ್ಕೆ ಬಂದುಬಿಟ್ಟಿತು. ಸೊಪ್ಪಿನ ಅಜ್ಜಿ ನನ್ನನ್ನು ತಿರುನೆಲ್ವೇಲಿ ಕಡೆಯವನೆಂದು ತಿಳಿದುಕೊಂಡಿದ್ದಾಳೆ, ನಾನೂ ತಿದ್ದಲು ಹೋಗಿಲ್ಲ. ಆದರೆ ಅಕ್ಷರ ಎಂದರೆ ಬಸ್ಸಿನ ಬೋರ್ಡು ನನ್ನನ್ನು ನೋಡುತ್ತದೆ, ನಾನು ಬೋರ್ಡನ್ನು ನೋಡುತ್ತೇನೆ, ಅಷ್ಟೇ. ಬಸ್ಸಿಗೆ ನಂಬರಿದೆ, ಅಂಗಡಿಗೆ ಇಂಗ್ಲಿಷಿದೆ, ದೇವರಿಗಂತೂ ಬೋರ್ಡೇ ಬೇಕಿಲ್ಲ ಎಂದುಕೊಂಡು ವರ್ಷಗಳನ್ನು ನೂಕಿದ್ದೆ. ನನ್ನ ಹೆಂಡತಿ ವಿಜಯಾಗೂ ಓದಲು ಬರುವುದಿಲ್ಲ. ಆದರೆ ಅವಳು ಬರುವುದಿಲ್ಲ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿಬಿಡುತ್ತಾಳೆ. ನನಗೆ ಆ ಸೌಕರ್ಯವಿರಲಿಲ್ಲ, ನಾನು ಅಪ್ಪ.

ಈ ವರ್ಷ ಮಗಳು ಅವನಿ ಒಂದನೇ ಕ್ಲಾಸಿಗೆ ಬಂದಳು, ಬರುವಾಗ ತಮಿಳಿನ ಹೋಮ್‌ವರ್ಕನ್ನೂ ಜೊತೆಗೇ ಕರೆದುಕೊಂಡು ಬಂದಳು. ಮೊದಲ ಸಂಜೆ ಪುಸ್ತಕ ತೆರೆದು ನನ್ನ ಮುಂದೆ ಹಿಡಿದಾಗ, "ತೋರಿಸು ತೋರಿಸು" ಎಂದು ಕನ್ನಡಕ ಏರಿಸಿದೆ. ಬೋರ್ಡಿನ ಮೇಲೆ ಮಿಸ್ ಬರೆದ ವರ್ಣಮಾಲೆಯನ್ನು ಇವಳು ನಕಲು ಮಾಡಿಕೊಂಡು ಬಂದಿದ್ದಳು. ಬೆರಳಿಟ್ಟು ಓದು ಎಂದೆ. ಅವಳು "ಕ" ಎಂದಳು, ಆಮೇಲೆ ನೇರವಾಗಿ "ಙ" ಎಂದಳು. ನನಗೆ ಸಿಟ್ಟೇ ಬಂತು. ಖ, ಗ, ಘ ಎಲ್ಲಿ? ಬರೆಯುವ ಆಲಸ್ಯಕ್ಕೆ ನಡುವಿನ ಮೂರನ್ನೂ ಹಾರಿಸಿಬಿಟ್ಟಿದ್ದಾಳೆ! ಮುಂದೆ ನೋಡಿದರೆ ಚ ಆದ ಮೇಲೆ ಛ ಇಲ್ಲ, ತ ಆದ ಮೇಲೆ ಥ ಇಲ್ಲ. ಎಲ್ಲ ಕಡೆಯೂ ಅದೇ ಕಳ್ಳಾಟ. ಈ ವಯಸ್ಸಿಗೇ ಹೀಗಾದರೆ ಮುಂದೇನು ಗತಿ ಎಂದು, ಡೈರಿಯಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿ ಮಿಸ್‌ಗೆ ನಾಲ್ಕು ಸಾಲು ಬರೆದೆ. ಮಗು ಬಹಳ ಅಕ್ಷರಗಳನ್ನು ಬಿಟ್ಟಿದೆ, ದಯವಿಟ್ಟು ಗಮನಿಸಿ, ಮನೆಯಲ್ಲಿ ನಾವು ಕಟ್ಟುನಿಟ್ಟಾಗಿದ್ದೇವೆ ಎಂದು.

ಮರುದಿನ ಅವನಿ ಬ್ಯಾಗನ್ನು ಸೋಫಾದ ಮೇಲೆ ಎಸೆದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ತಮಿಳ್‌ಲ ಅದೆಲ್ಲಾಂ ಕಿಡೆಯಾದಾಂ. ಮಿಸ್ ಸೊನ್ನಾಂಗ." ತಮಿಳಿನಲ್ಲಿ ಅವೆಲ್ಲ ಇಲ್ಲವೇ ಇಲ್ಲವಂತೆ, ಮಿಸ್ ಹೇಳಿದರಂತೆ. ಆಮೇಲೆ ನನ್ನ ಮುಖವನ್ನು ಹತ್ತಿರದಿಂದ ನೋಡಿ, ದನಿ ತಗ್ಗಿಸಿ ಕೇಳಿದಳು, "ಅಪ್ಪಾ, ಉನಕ್ಕು ಪಡಿಕ್ಕ ತೆರಿಯಾದಾ?" ನಿನಗೆ ಓದಲು ಬರುವುದಿಲ್ಲವಾ? ಅಡುಗೆಮನೆಯಿಂದ ವಿಜಯಾ ಸೌಟು ಹಿಡಿದುಕೊಂಡೇ ಬಂದಳು. "ಬರೂದಿಲ್ಲವ್ವಾ ಅವರಿಗೆ. ಅಷ್ಟು ಹೇಳಲಿಕ್ಕೆ ಡೈರಿ ಯಾಕ ಬೇಕಿತ್ತೋ ಏನೋ" ಎಂದು ನಕ್ಕು ಒಳಗೆ ಹೋದಳು. ಮಕ್ಕಳಿಗೆ ಹೋಮ್‌ವರ್ಕ್ ಕೊಡಬಾರದು ಎಂಬ ಸತ್ಯ ನನಗೆ ಹೊಳೆದದ್ದು ಆ ಸಂಜೆ. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಅಂದೇ ನನ್ನ ಮೊದಲ ಭಾಷಣವನ್ನು ಹಾಕಿದೆ. ಉಳಿದ ತಂದೆತಾಯಂದಿರು ಕೈಜೋಡಿಸಿದ ಚಿತ್ರಗಳನ್ನು ಸಾಲುಸಾಲಾಗಿ ಕಳಿಸಿದರು. ವಾರ ಕಳೆಯುವುದರೊಳಗೆ ನಾನು ನಾಯಕನಾಗಿದ್ದೆ.

ಇತ್ತ ಮನೆಯಲ್ಲಿ ಇನ್ನೊಂದು ಆಯಿತು. ಅಪ್ಪನಿಗೆ ಓದಲು ಬರುವುದಿಲ್ಲ ಎಂಬ ಸಂಗತಿಯನ್ನು ಅವನಿ ಊರಿಗೆಲ್ಲ ಹೇಳುತ್ತಾಳೆಂದು ನಾನು ಹೆದರಿದ್ದೆ. ಅವಳು ಹೇಳಲಿಲ್ಲ, ನನಗೆ ಕಲಿಸಲು ಕೂತಳು. ದಿನಾ ಸಂಜೆ ತನ್ನ ಹೋಮ್‌ವರ್ಕನ್ನು ಗಡಬಡಿಸಿ ಮುಗಿಸಿ, ಈಗ ನಿನ್ನದು ಎಂದು ತಮಿಳಿನಲ್ಲೇ ಹೇಳುವಳು. ಕಾಪಿ ಪುಸ್ತಕದಲ್ಲಿ ಮೇಲೊಂದು ಅಕ್ಷರ ಬರೆದುಕೊಟ್ಟು ಪುಟ ತುಂಬಿಸಲು ಹೇಳುವಳು. ನಾನು ಬರೆಯುವಾಗ ಸ್ಕೇಲು ಹಿಡಿದುಕೊಂಡು ಹಿಂದೆಮುಂದೆ ಓಡಾಡುವಳು. ಇಡೀ ದಿನ ಪಾಲಿಸಿದಾರರ ಸಂಶಯಗಳನ್ನು ಪರಿಹರಿಸಿ ಬಂದ ಹಿರಿಯ ಅಧಿಕಾರಿ ನಾನು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ನಾಲಿಗೆ ಹೊರಗೆ ಚಾಚಿ ಅಕ್ಷರದ ಹೊಟ್ಟೆ ದುಂಡಗೆ ಮಾಡುತ್ತಿದ್ದೆ. ಬಾತ್‌ರೂಮಿಗೆ ಹೋಗಬೇಕಾದರೆ ಕಿರುಬೆರಳು ತೋರಿಸಬೇಕಿತ್ತು. ಒಮ್ಮೆ ಮರೆತು ಎದ್ದುಹೋಗಿ ಬೈಸಿಕೊಂಡೆ.

ಆ ಬೈಗುಳದ ವಿಷಯವನ್ನೇ ಹೇಳಬೇಕು. ನಮ್ಮ ಅವನಿ ಹುಟ್ಟಿದ್ದು, ಬೆಳೆದದ್ದು ಇಲ್ಲೇ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಊಟ ಮಾಡಿದಿಯೇನೇ ಎಂದರೆ "ಸಾಪ್ಟಾಚು" ಎನ್ನುತ್ತಾಳೆ. ಬಯ್ದು ನೋಡಿದೆವು, ಚಾಕಲೇಟು ಕೊಟ್ಟು ನೋಡಿದೆವು. ಎಲ್ಲ ಅರ್ಥವಾಗುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ನನಗೆ ಇದು ಒಳಗೊಳಗೇ ಬಹಳ ನೋವಿನ ಸಂಗತಿಯಾಗಿತ್ತು. ಮಗಳು ಎದುರಿಗೇ ಇದ್ದಾಳೆ, ಆದರೂ ದುಭಾಷಿ ಬೇಕು ಎಂದರೆ ಹೇಗಾಗಬೇಡ? ಪಾಠ ಶುರುವಾದ ಮೇಲೆ ಒಂದು ಪವಾಡ ನಡೆಯಿತು. ತಮಿಳಿನಲ್ಲಿ ಬೈದರೆ ನಾನು ಎದುರಾಡುತ್ತೇನೆ, ಕನ್ನಡದಲ್ಲಿ ಬೈದರೆ ಬಾಲ ಮುದುರಿಕೊಳ್ಳುತ್ತೇನೆ ಎಂಬುದನ್ನು ಅವಳು ತಾಯಿಯನ್ನು ನೋಡಿ ಕಂಡುಕೊಂಡಿದ್ದಳು. ಒಂದು ದಿನ ನಾನು ಎರಡು ಅಕ್ಷರ ಅದಲುಬದಲು ಮಾಡಿದೆ. ಮಗಳು ಹಣೆ ಚಚ್ಚಿಕೊಂಡು, "ಎಷ್ಟ ಸಲ ಹೇಳಬೇಕೋ ನಿನಗ? ತಲಿ ಎಲ್ಲಿ ಇಟ್ಟೀಯಪ್ಪಾ?" ಎಂದಳು. ಥೇಟ್ ವಿಜಯಾ! ಅದೇ ರಾಗ, ಅದೇ ಹುಬ್ಬು. ಅಡುಗೆಮನೆಯಲ್ಲಿ ಒಗ್ಗರಣೆ ಹೊತ್ತಿಹೋಯಿತು, ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ಅಷ್ಟು ಉದ್ದದ ಕನ್ನಡ ಆ ಬಾಯಿಂದ ಬಂದದ್ದು ಅದೇ ಮೊದಲು. ಸಂತೋಷಕ್ಕೆ ಮುಂದಿನ ಸಾಲನ್ನೂ ಬೇಕೆಂದೇ ತಪ್ಪು ಬರೆದೆ.

ಅಲ್ಲಿಂದ ಮುಂದೆ ನಾನು ದಡ್ಡನಾಗಿರಲು ಶ್ರಮಪಟ್ಟೆ. ಒಂದು ತಪ್ಪಿಗೆ ಒಂದು ಕನ್ನಡ ವಾಕ್ಯ. ತೀರಾ ದೊಡ್ಡ ತಪ್ಪಾದರೆ ಇಡೀ ಪ್ರವಚನವೇ ಸಿಗುತ್ತಿತ್ತು. "ನೋಡಪ್ಪಾ, ಇದಕ್ಕ ಬಾಲ ಇಲ್ಲ, ಇದಕ್ಕ ಐತಿ. ಹೌದಿಲ್ಲೋ?" ಎಂದು ಕೇಳಿದಾಗ "ಹೌದ್ರೀ ಮಿಸ್" ಎನ್ನುತ್ತಿದ್ದೆ. ದಡ್ಡತನದ ನಡುವೆಯೂ ಅಕ್ಷರಗಳು ಅಷ್ಟಿಷ್ಟು ತಲೆಗೆ ಹತ್ತಿದವು. ಒಂದು ಬೆಳಿಗ್ಗೆ ಹಾಲಿನ ಬೂತಿನ ಬೋರ್ಡಿನ ಮೇಲೆ "ಪಾಲ್" ಎಂದು ಗಟ್ಟಿಯಾಗಿ ಓದಿಬಿಟ್ಟೆ. ಬೂತಿನವನು "ಎತ್ತನೆ ಪ್ಯಾಕೆಟ್ ಸಾರ್?" ಎಂದು ಎಷ್ಟು ಬೇಕೆಂದು ಕೇಳಿ ಹಾಲು ಎತ್ತಿಕೊಟ್ಟ. ಮನೆಯಲ್ಲಿ ವಿಜಯಾ ಆಗಲೇ ಹಾಲು ಕಾಯಿಸಿಟ್ಟಿದ್ದಳು. ಆ ದಿನ ಎರಡು ಹೊತ್ತೂ ಪಾಯಸ ಮಾಡಿದಳು.

ಹೀಗಿರುವಾಗ ಶಾಲೆಯವರು ಪಾಲಕರ ಸಭೆ ಕರೆದರು. ವಿಷಯ ಒಂದೇ, ಒಂದನೇ ಎರಡನೇ ಕ್ಲಾಸಿಗೆ ಹೋಮ್‌ವರ್ಕ್ ಬೇಕೇ ಬೇಡವೇ. ಮಾತಾಡುವವನು ನಾನೇ ಎಂದು ಗುಂಪಿನವರು ನನ್ನನ್ನು ಕೇಳದೆಯೇ ನಿರ್ಧರಿಸಿದ್ದರು. ಮಗಳ ಹೋಮ್‌ವರ್ಕ್ ನಿಂತರೆ ನನ್ನ ಪಾಠವೂ ನಿಂತಂತೆ. "ನೀವು ಹೋಗಲೇಬ್ಯಾಡ್ರಿ, ಜ್ವರ ಅಂತ ಹೇಳ್ರಿ" ಎಂದು ವಿಜಯಾ ಬುದ್ಧಿ ಹೇಳಿದಳು. ಆದರೆ ನಾಯಕನಾದವನಿಗೆ ಜ್ವರ ಬರುವುದು ಚೆನ್ನಾಗಿರುವುದಿಲ್ಲ. ಹೋದೆ. ನನ್ನ ಹಳೆಯ ಮಾತುಗಳು, ಮೆತ್ತನೆಯ ಬೆರಳು, ಆಡುವ ವಯಸ್ಸು, ಎಲ್ಲ ತಾವಾಗಿಯೇ ಬಾಯಿಂದ ಬಂದವು. ಚಪ್ಪಾಳೆ ಬಿತ್ತು. ಕೊನೆಯಲ್ಲಿ ಧೈರ್ಯ ತಂದುಕೊಂಡು, ಎಲ್ಲ ನಿಲ್ಲಿಸಿ, ಆದರೆ ತಮಿಳಿನದೊಂದು ಇರಲಿ ಎಂದು ಮೆಲ್ಲಗೆ ಸೇರಿಸಿದೆ. ಹಿಂದಿನ ಸಾಲಿನ ತಂದೆಯೊಬ್ಬರು ಎದ್ದುನಿಂತು, ಸಾರ್ ಕನ್ನಡದವರು, ಆದರೂ ನಮ್ಮ ತಮಿಳಿನ ಮೇಲೆ ಎಂಥ ಅಭಿಮಾನ ನೋಡಿ ಎಂದು ಗದ್ಗದರಾದರು. ಮತ್ತೆ ಚಪ್ಪಾಳೆ. ಗೆದ್ದೆ ಎಂದುಕೊಂಡೆ.

ಆಗ ತಮಿಳು ಮಿಸ್ ಎದ್ದರು. ಬಹಳ ಕರುಣೆಯುಳ್ಳ ಹೆಂಗಸು. "ಸಾರ್ ಸಂಕೋಚಕ್ಕೆ ಹಾಗೆ ಹೇಳುತ್ತಿದ್ದಾರೆ. ಅವರ ಮನೆಯಲ್ಲಿ ತಮಿಳು ಎಷ್ಟು ಕಷ್ಟ ಎಂದು ನನಗೆ ಗೊತ್ತು, ಅವರು ಡೈರಿಯಲ್ಲಿ ಬರೆದದ್ದನ್ನು ನಾನು ಮರೆತಿಲ್ಲ. ಬೇರೆ ಭಾಷೆಯ ಮನೆಗಳಿಗೆ ನಾವು ತೊಂದರೆ ಕೊಡಬಾರದು. ಮೊದಲು ನನ್ನ ಹೋಮ್‌ವರ್ಕನ್ನೇ ನಿಲ್ಲಿಸುತ್ತೇನೆ" ಎಂದು ನನ್ನ ಕಡೆ ನೋಡಿ ನಕ್ಕರು. ಇಲ್ಲ ಮೇಡಂ, ನನಗೆ ಏನೂ ಕಷ್ಟವಿಲ್ಲ ಎಂದು ನಾನು ಎಷ್ಟು ಹೇಳಿದರೂ ಅದನ್ನು ವಿನಯವೆಂದೇ ತಿಳಿದರು. ಹೋಮ್‌ವರ್ಕ್ ಪೂರಾ ರದ್ದಾಯಿತು. ಎಲ್ಲರೂ ಬಂದು ನನ್ನ ಕೈ ಕುಲುಕಿದರು.

ಸೋಮವಾರ ಸಂಜೆ ಆಫೀಸಿನಿಂದ ಬೇಗ ಬಂದು ಚಾಪೆ ಹಾಸಿ, ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ಅವನಿ ಬ್ಯಾಗೆಸೆದು ಚಪ್ಪಲಿ ಮೆಟ್ಟುತ್ತಿದ್ದಳು. "ಬಾರವ್ವಾ, ನಂದೊಂದು ಪುಟ ನೋಡಿ ಹೋಗು. ಬಹಳ ತಪ್ಪು ಮಾಡೀನಿ" ಎಂದೆ, ಆಸೆ ತೋರಿಸುವ ಹಾಗೆ. ಅವಳು ಬಾಗಿಲಲ್ಲೇ ತಿರುಗಿ, ನನ್ನನ್ನೂ ಚಾಪೆಯನ್ನೂ ನೋಡಿ, "ಚಿನ್ನ ಪಸಂಗಳುಕ್ಕು ಹೋಮ್‌ವರ್ಕ್ ಕುಡುಕ್ಕಕೂಡಾದುಪ್ಪಾ, ನೀದಾನೆ ಸೊನ್ನೆ?" ಎಂದಳು. ಚಿಕ್ಕ ಮಕ್ಕಳಿಗೆ ಹೋಮ್‌ವರ್ಕ್ ಕೊಡಬಾರದು, ನೀನೇ ತಾನೇ ಹೇಳಿದ್ದು? ಅಷ್ಟು ಹೇಳಿ ದಡದಡ ಮೆಟ್ಟಿಲಿಳಿದು ಹೋದಳು.

ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ನಮ್ಮ ಕಟ್ಟಡದ ಮಕ್ಕಳೆಲ್ಲ, ಹೆಚ್ಚಿನವು ಅದೇ ಶಾಲೆಯವು, ಹೋ ಎಂದು ಕೂಗಿಕೊಂಡು ಓಡುತ್ತಿದ್ದವು. ನಡುವೆ ನನ್ನವಳೂ ಇದ್ದಳು, ತಮಿಳಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ? ನಾನು ಭಾಷಣದಲ್ಲಿ ಹೇಳಿದ್ದೆಲ್ಲ ನಿಜವೇ ಆಗಿತ್ತು, ಅದೇ ತೊಂದರೆ. ಯಾವುದೋ ಪುಟ್ಟ ಹುಡುಗಿ ನನ್ನನ್ನು ಕಂಡು, "ಅಂಕಲ್, ರೊಂಬ ಥ್ಯಾಂಕ್ಸ್!" ಎಂದು ಕೂಗಿತು. ಉಳಿದವೂ ದನಿಗೂಡಿಸಿದವು. ಹಿಂದಿನಿಂದ ವಿಜಯಾ, "ಮಂದಿ ಕರಿಯಾಕತ್ತೈತಿ, ಸುಮ್ಮನ ನಿಂತೀರಲ್ರೀ" ಎಂದಳು. ನಾನು ಕೈ ಎತ್ತಿ ಬೀಸಿದೆ. ಗೆದ್ದವನು ಇನ್ನೇನು ಮಾಡಬೇಕು?